ಸತ್ತ ಕಾಲೇಜಿನಲ್ಲಿ

ಮದರಾಸಿನ ಮ್ಯೂಸಿಯಮ್ಮಿನಲ್ಲಿ ಆ ಎಲುಬುಗೂಡಿನ ಕೆಳಗೆ ನಿಂತಾಗಲೂ ಶಿವಗಂಗಮ್ಮನ ಮನಸ್ಸು ಹಿಂದಿನ ಸಂಜೆ ಚೆಟ್ಟಿಯಾರರ ಮನೆಯ ಹಜಾರದಲ್ಲೇ ಇತ್ತು. ತಲೆಯ ಮೇಲೆ ಸಮುದ್ರದ ಯಾವುದೋ ಪ್ರಾಣಿಯ ಬೆನ್ನೆಲುಬು ಆ ಗೋಡೆಯಿಂದ ಈ ಗೋಡೆಯವರೆಗೆ ಕಬ್ಬಿಣದ ಸರಳುಗಳ ಆಸರೆಯಲ್ಲಿ ಚಾಚಿಕೊಂಡಿತ್ತು; ಪಕ್ಕೆಲುಬುಗಳು ಕಮಾನುಗಾಡಿಯ ಬಿದಿರು ದಬ್ಬೆಗಳ ಹಾಗೆ ಬಾಗಿ ಇಳಿದಿದ್ದವು. ಸುತ್ತ ಜನ ಕತ್ತೆತ್ತಿ ಬಾಯಿ ತೆರೆದು ನಿಂತಿದ್ದರು. ಅವಳೂ ಕತ್ತೆತ್ತಿಯೇ ಇದ್ದಳು, ಆದರೆ ಕಣ್ಣಿಗೆ ಕಾಣುತ್ತಿದ್ದುದು ಒಂದು ಬೆಳ್ಳಿಯ ಲೋಟ, ಅದರಲ್ಲಿ ನೊರೆಗಟ್ಟಿದ ಹಾಲು, ಆ ಹಾಲಿನಲ್ಲಿ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡಿದ ಗಂಡನ ಮುಖ. ಚನ್ನಗಿರಿ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮಹೇಶ್ವರಪ್ಪ ವರ್ಷಕ್ಕೊಮ್ಮೆ ಸೀರೆ, ಪಂಚೆಗಳ ಸರಕು ಕೊಳ್ಳಲು ಮದರಾಸಿಗೆ ಬರುತ್ತಿದ್ದ. ಈ ಸಲ ಹೆಂಡಂದಿರಿಬ್ಬರನ್ನೂ ಮಗುವನ್ನೂ ಕರೆತಂದಿದ್ದ. ಸಗಟು ವ್ಯಾಪಾರಿ ಚೆಟ್ಟಿಯಾರರು ಎಲ್ಲರನ್ನೂ ಮನೆಗೆ ಕರೆದು ಉಪಚಾರ ಮಾಡಿದರು. ಅವರ ಹೆಂಡತಿ ಹಾಲಿನ ಲೋಟ ಕೊಡುತ್ತ, ನಿರ್ಮಲೆಯನ್ನೂ ಅವಳ ಉಬ್ಬಿದ ಹೊಟ್ಟೆಯನ್ನೂ ನೋಡಿ, ಇವಳೇ ಹೆಂಡತಿ ಎಂದು ತಾನಾಗಿ ತಿಳಿದುಕೊಂಡಳು. ಆಮೇಲೆ ಅವಳ ಬೆರಳು ಮಹೇಶ್ವರಪ್ಪನಿಂದ ಶಿವಗಂಗಮ್ಮನ ಕಡೆಗೆ ತಿರುಗಿತು. “ಅಕ್ಕಾವಾ?” ಅಷ್ಟು ತಮಿಳು ಯಾರಿಗಾದರೂ ಅರ್ಥವಾಗುತ್ತದೆ. ಮಹೇಶ್ವರಪ್ಪ ಲೋಟದೊಳಗೆ ನೋಡಿ, “ಆಮಾ” ಎಂದು ಒಪ್ಪಿಕೊಂಡ.

ಛತ್ರಕ್ಕೆ ವಾಪಸು ಬಂದ ಮೇಲೂ ಅವಳು ಆ ಒಂದು ಮಾತನ್ನು ಬೇರೆ ಬೇರೆ ಥರ ಕೇಳಿಸಿಕೊಂಡಳು. ನಿರ್ಮಲೆಯ ಅಕ್ಕನೇ ಎಂದು ಆಯಮ್ಮ ಕೇಳಿರಬಹುದು. ಹಾಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ, ನಿರ್ಮಲೆ ಅವಳನ್ನು ಅಕ್ಕ ಎಂದೇ ಕರೆಯುವುದು. ಆದರೆ ಬೆರಳು ಹೊರಟದ್ದು ಗಂಡನ ಎದೆಯ ಕಡೆಯಿಂದ. ಅವನಿಗಿಂತ ಆರು ವರ್ಷಕ್ಕೆ ಚಿಕ್ಕವಳಾದ ತಾನು ಅವನ ಅಕ್ಕ. ಕಿವಿಯ ಹತ್ತಿರ ಕೂದಲು ಬೆಳ್ಳಗಾದದ್ದು ನಿಜ, ನಡು ದಪ್ಪಗಾದದ್ದೂ ನಿಜ. ಸಿಟ್ಟಾದರೂ ಬಂದಿದ್ದರೆ ಹಗುರವಾಗುತ್ತಿತ್ತು. ಪರಊರಿನ ಹೆಂಗಸೊಬ್ಬಳು ‘ಇವಳನ್ನು ಎಲ್ಲಿ ಕೂರಿಸಲಿ’ ಎಂದು ಕೇಳಿದಳು, ಗಂಡ ಹತ್ತಿರದ ಮಣೆ ತೋರಿಸಿದ, ಅಷ್ಟೇ ಅಲ್ಲವೇ ಎಂದುಕೊಂಡಳು. ಹಾಗೆಂದುಕೊಂಡಷ್ಟೂ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡವಾಗಿ ನಿಂತಿತು. ಮೀನು ಮುಟ್ಟದ ಮನೆಯವಳಿಗೆ ಆ ಹೋಲಿಕೆ ಎಲ್ಲಿಂದ ಬಂತೋ. ಈಗ ತಲೆಯ ಮೇಲೆ ತೂಗುತ್ತಿದ್ದ ಎಲುಬುಗಳಿಂದ ಬಂದಿರಬೇಕು.

“ವೇಲ್,” ಎಂದು ಮಹೇಶ್ವರಪ್ಪ ಹಲಗೆಯ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದ. “ತಿಮಿಂಗಿಲ. ಮಂಗಳೂರು ಅಂತ ಬರ್ದಾರೆ ನೋಡ್ರಿ. ನಮ್ಮ ಕಡೇದೇ ಇದು.”

“ಮಂಗಳೂರು ನಮ್ಮ ಕಡೆ ಹೆಂಗಾಗುತ್ತೆ,” ಎಂದಳು ನಿರ್ಮಲೆ.

“ಮದ್ರಾಸಿಗಿಂತ ಹತ್ರ ಅಲ್ಲೇನು?”

ಹಾಲಮ್ಮ ಶಿವಗಂಗಮ್ಮನ ಸೆರಗು ಜಗ್ಗಿದಳು. ನಾಲ್ಕು ತುಂಬಿದ ಹುಡುಗಿ, ನಿರ್ಮಲೆಯ ಮಗಳು. “ದೊಡ್ಡವ್ವಾ, ಇದು ಸೂಳೆಕೆರೇಲಿ ಐತಾ?”

“ಅಲ್ಲಿ ಎಲ್ಲಿಂದ ಬರ್ತೈತೆ. ಇದು ಸಮುದ್ರದ್ದು.”

“ಸೂಳೆಕೆರೆ ತುಂಬ ದೊಡ್ಡದೈತಲ್ಲ.”

ಜಗಳೂರಿನ ಬಯಲಿನಿಂದ ಮದುವೆಯಾಗಿ ಬರುವಾಗ ಗಾಡಿಯಿಂದ ಆ ಕೆರೆಯನ್ನು ಮೊದಲ ಸಲ ಕಂಡಾಗ ಶಿವಗಂಗಮ್ಮನಿಗೂ ಹಾಗೇ ಅನ್ನಿಸಿತ್ತು. ಇಷ್ಟು ನೀರನ್ನು ಯಾರು ಕುಡಿಯುತ್ತಾರೆ ಎಂದು ಗಾಡಿಯವನನ್ನು ಕೇಳಿ ಎಲ್ಲರನ್ನೂ ನಗಿಸಿದ್ದಳು. ಮೊನ್ನೆ ಸಮುದ್ರ ನೋಡಿದಾಗ ಅಂಥ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯಪಡುವುದಕ್ಕೂ ಒಂದು ವಯಸ್ಸಿರುತ್ತದೇನೋ, ಅಥವಾ ಕೈಯಲ್ಲಿ ಮಗುವಿನ ಕೈ ಇದ್ದಾಗ ಅಲೆಯ ಮೇಲೆ ಕಣ್ಣು ನಿಲ್ಲುವುದಿಲ್ಲವೇನೋ. ಅವಳು ಬಂದದ್ದೇ ಆ ಕೈ ಹಿಡಿದುಕೊಳ್ಳುವುದಕ್ಕೆ. ಮದರಾಸಿಗೆ ಹೋಗೋಣವೇ ಎಂದು ಗಂಡ ಕೇಳಿದ್ದು ನಿರ್ಮಲೆಯನ್ನು. ದೊಡ್ಡವ್ವ ಬರದಿದ್ದರೆ ತಾನು ಬರುವುದಿಲ್ಲ ಎಂದು ಹಾಲಮ್ಮ ಅಂಗಳದಲ್ಲಿ ಬಿದ್ದು ಹೊರಳಾಡಿದಾಗ, “ಮಗು ನೋಡ್ಕಳಾಕೆ ನೀನೂ ಬಾ” ಎಂದಿದ್ದ. ಆ ಮಾತಿಗೆ ಆಗ ಅವಳಿಗೆ ಬೇಸರವಾಗಿರಲಿಲ್ಲ. ಬೆಂಗಳೂರಿನವರೆಗೆ, ಬೆಂಗಳೂರಿನಿಂದ ಇಲ್ಲಿಯವರೆಗೆ, ರೈಲಿನ ಕಿಟಕಿಯ ಪಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಕ್ಕೋಡುವ ತಾಳೆಮರಗಳನ್ನು ತೋರಿಸುತ್ತ ಬಂದಾಗ ತನ್ನಷ್ಟು ಸುಖಿ ಯಾರೂ ಇಲ್ಲ ಎನ್ನಿಸಿತ್ತು. ಬೆಳಿಗ್ಗೆ ಜಟಕಾದವನು, ಮೊದಲು ಸತ್ತ ಕಾಲೇಜಿಗೆ ಹೋಗುವುದೋ ಜೀವದ ಕಾಲೇಜಿಗೋ ಎಂದು ಕೇಳಿದ್ದ. ಈ ಊರಿನ ಜನ ಮ್ಯೂಸಿಯಮ್ಮಿಗೆ ಸತ್ತ ಕಾಲೇಜು, ಮೃಗಾಲಯಕ್ಕೆ ಜೀವದ ಕಾಲೇಜು ಎನ್ನುತ್ತಾರಂತೆ. ಸತ್ತಿದ್ದನ್ನು ಮೊದಲು ಮುಗಿಸಿಬಿಡೋಣ ಎಂದು ನಿರ್ಮಲೆಯೇ ಹೇಳಿದ್ದಳು.

“ಇದು ಮೀನಲ್ಲವಂತೆ,” ಎಂದ ಮಹೇಶ್ವರಪ್ಪ. “ಚೆಟ್ಟಿಯಾರರ ಗುಮಾಸ್ತ ಹೇಳ್ದ. ಎಮ್ಮೆ, ಹಸ ಇದ್ದಂಗೆ ಮರಿ ಹಾಕಿ ಹಾಲು ಕೊಡ್ತೈತಂತೆ.”

ನಿರ್ಮಲೆ ಆ ಪಕ್ಕೆಲುಬುಗಳನ್ನೇ ನೋಡುತ್ತಿದ್ದಳು. “ಇಷ್ಟು ದೊಡ್ಡದು ಹೆರಬೇಕಾದ್ರೆ ಅದ್ರ ತಾಯಿಗೆ ಹೆಂಗಾಗಿರಬ್ಯಾಡ,” ಎಂದಳು. ಶಿವಗಂಗಮ್ಮ ಮಗುವಿನ ಕೈ ಹಿಡಿದು ಮುಂದಿನ ಕೋಣೆಗೆ ನಡೆದಳು.

ಅಲ್ಲಿ ಗಾಜಿನ ಮನೆಗಳಲ್ಲಿ ಪ್ರಾಣಿಗಳು ನಿಂತಿದ್ದವು. ಚರ್ಮ ಅವುಗಳದ್ದೇ, ಕಣ್ಣು ಮಾತ್ರ ಗಾಜಿನದು, ಹೊಟ್ಟೆಯಲ್ಲಿ ಹುಲ್ಲು ತುಂಬಿದ್ದಾರೆ ಎಂದು ಮಹೇಶ್ವರಪ್ಪ ವಿವರಿಸಿದ. ಹಬ್ಬದ ದಿನದ ಹಾಗೆ ಜನ. ಮಕ್ಕಳು ಗಾಜಿಗೆ ಮೂಗೊತ್ತಿ ನಿಂತಿದ್ದರು, ಖಾಕಿ ಅಂಗಿಯ ಕಾವಲುಗಾರ ಗಾಜು ಮುಟ್ಟಬೇಡಿ ಎಂದು ಎಲ್ಲರಿಗೂ ಒಂದೇ ರಾಗದಲ್ಲಿ ಹೇಳುತ್ತಿದ್ದ. ಹುಲಿಗಳ ಮುಂದೆ ಹಾಲಮ್ಮ ನಿಂತಳು. ಒಂದು ದೊಡ್ಡ ಹುಲಿ, ಅದರ ಹಿಂದೆ ಒಣಹುಲ್ಲಿನಲ್ಲಿ ಮಲಗಿದ ಇನ್ನೊಂದು, ಅದರ ಮುಂಗಾಲುಗಳ ನಡುವೆ ಒಂದು ಮರಿ.

“ಇದು ಅಪ್ಪ,” ಎಂದು ಹುಡುಗಿ ಬೆರಳು ಮಾಡಿ ಎಣಿಸಿದಳು. “ಇದು ಅವ್ವ. ಇದು ನಾನು. ದೊಡ್ಡವ್ವ ಎಲ್ಲಿ?”

ಮಹೇಶ್ವರಪ್ಪ ಕೆಮ್ಮಿದ. ಹುಡುಗಿ ಗಾಜಿನ ಎಡಗಡೆ ಬಲಗಡೆ ಓಡಾಡಿ, ಹಿಂದೆ ಬರೆದಿದ್ದ ಬಣ್ಣದ ಗುಡ್ಡದ ಮರೆಯಲ್ಲಿ ಇರಬಹುದೆಂದು ಬಗ್ಗಿ ಹುಡುಕಿದಳು. “ಒಳಗೆ ಅಡಿಗೆ ಮಾಡ್ತಿರಬೇಕು,” ಎಂದಳು ಶಿವಗಂಗಮ್ಮ. ಹುಡುಗಿ ಅದನ್ನು ಒಪ್ಪಿಕೊಂಡಳು. ಆದರೆ ತಾನೇ ಹೇಳಿದ ಆ ಮಾತಿನಿಂದ ಅವಳ ಮುಖ ಬಿಸಿಯಾಯಿತು. ಮೂರು ಹುಲಿಗಳ ಆರು ಗಾಜಿನ ಕಣ್ಣುಗಳು ತನ್ನನ್ನೇ ನೋಡುತ್ತಿವೆ ಅನ್ನಿಸಿ, ಬೇಗ ಬೇಗ ಮುಂದಕ್ಕೆ ಹೋದಳು. ಮುಂದಿನ ಗಾಜಿನಲ್ಲಿ ಅವಳ ಊರೇ ನಿಂತಿತ್ತು. ತಿರುಚಿದ ಕೋಡಿನ ಕರಿಯ ಗಂಡು ಜಿಂಕೆ, ಅದರ ಸುತ್ತ ಕಂದು ಬಣ್ಣದ ಹೆಣ್ಣುಗಳು. ಜಗಳೂರಿನಲ್ಲಿ ಜೋಳದ ಪೈರು ಎಳೆಯದಿದ್ದಾಗ ಹೊಲದ ತುಂಬ ಇವು ಬರುತ್ತಿದ್ದವು. ಕವಣೆ ಬೀಸಿದರೆ ಮೊದಲು ಹೆಣ್ಣುಗಳು ಹಾರಿ, ಕೊನೆಯಲ್ಲಿ ಕರಿಯದು ಯಾರಿಗೂ ಹೆದರಿಲ್ಲವೆಂಬಂತೆ ನಿಧಾನ ಹೊರಡುತ್ತಿತ್ತು. ಅಪ್ಪನ ಜೊತೆ ಹೊಲ ಕಾಯುವ ಮಂಚಿಕೆಯ ಮೇಲೆ ಕೂತು ಅವುಗಳನ್ನು ಓಡಿಸುತ್ತಿದ್ದ ಹುಡುಗಿ ಎಲ್ಲಿ ಹೋದಳು. ಪಕ್ಕದಲ್ಲಿ ನಿರ್ಮಲೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

“ಅಕ್ಕಾ, ಇಲ್ಲಿ ನೋಡ್ರಿ,” ಎಂದಳು ನಿರ್ಮಲೆ ಮೆಲ್ಲಗೆ. “ಒಬ್ಬ ಯಜಮಾನ, ನಾಲ್ಕು ಜನ ಹೆಂಡ್ರು. ಇವ್ರ ಮನೇಲಿ ನಮ್ಮನೆಗಿಂತ ಗದ್ದಲ ಇರ್ತೈತೆ.”

ಶಿವಗಂಗಮ್ಮನಿಗೆ ನಗು ತಡೆಯಲಾಗಲಿಲ್ಲ. “ಅವನ ಮುಖ ನೋಡು, ಸರಕು ತರಾಕೆ ಹೊಂಟೋನಂಗೆ ನಿಂತಾನೆ.”

“ನಾಲ್ಕು ಸೀರೆ ತರಬೇಕಲ್ಲ ಪಾಪ.”

ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಮಹೇಶ್ವರಪ್ಪನಿಗೆ ಕೇಳಿಸಿತೋ ಏನೋ, ಮಗುವನ್ನು ಎತ್ತಿಕೊಂಡು ಹಕ್ಕಿಗಳಿದ್ದ ಕಡೆಗೆ ಹೋಗಿಬಿಟ್ಟ. ನಗುವಾಗ ನಿರ್ಮಲೆ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. ಆ ಕೈ ನೋಡಿದ್ದೇ ಶಿವಗಂಗಮ್ಮನ ನಗು ಎಲ್ಲಿಯೋ ಇಂಗಿಹೋಯಿತು.

ಹಾಲಮ್ಮ ಹುಟ್ಟಿದ ದಿನವೂ ಆ ಕೈ ಹೀಗೆಯೇ ಹೊಟ್ಟೆಯ ಮೇಲಿತ್ತು, ಆದರೆ ಬೆರಳುಗಳು ನೀಲಿಯಾಗಿದ್ದವು. ಮಟಮಟ ಮಧ್ಯಾಹ್ನ, ಅಂಗಡಿಗೆ ಹೇಳಿಕಳಿಸಿಯಾಗಿತ್ತು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ತವರಿನಲ್ಲಿ ಆಗಬೇಕಾದ ಚೊಚ್ಚಲ ಹೆರಿಗೆ. ನ್ಯಾಮತಿಯಲ್ಲಿ ನಿರ್ಮಲೆಗೆ ತಾಯಿ ಇರಲಿಲ್ಲವೆಂದು ಶಿವಗಂಗಮ್ಮನೇ, ನಮ್ಮಲ್ಲೇ ಆಗಲಿ ಎಂದಿದ್ದಳು. ತನಗೆ ಮಕ್ಕಳಾಗಲಿಲ್ಲವೆಂದು ಆ ಹುಡುಗಿಯನ್ನು ನೋಡಿ ಬಂದವಳೂ ಅವಳೇ, ಗಂಡನನ್ನು ಒಪ್ಪಿಸಿದವಳೂ ಅವಳೇ, ಹಸೆಮಣೆಯ ಮೇಲೆ ಕೂತವಳ ತಲೆಯ ಮೇಲೆ ಮೊದಲ ಅಕ್ಕಿಕಾಳು ಹಾಕಿದವಳೂ ಅವಳೇ. ಸೂಲಗಿತ್ತಿ ಗಾದ್ರಮ್ಮ ಬಾಗಿಲ ಹತ್ತಿರ ಬಂದು, ಬೆವರು ಒರೆಸಿಕೊಳ್ಳುತ್ತ, “ಎರಡೂ ಉಳಿಯಾದು ಕಷ್ಟ ಐತವ್ವ” ಎಂದಳು. ಯಾರನ್ನು ಉಳಿಸೋಣ ಎಂದು ಶಿವಗಂಗಮ್ಮನನ್ನು ಯಾರೂ ಕೇಳಿರಲಿಲ್ಲ. ಬಿಸಿನೀರಿನ ತಂಬಿಗೆ ಕೈಯಲ್ಲಿ ಹಿಡಿದು ನಿಂತವಳ ಮನಸ್ಸು ತಾನಾಗಿಯೇ, ಮಗು ಉಳಿಯಲಿ ಎಂದಿತು. ಅದು ಯಾರ ಮನಸ್ಸಿಗಾದರೂ ಬರಬಹುದಾದ ಮಾತು. ಆದರೆ ಅದರ ಬೆನ್ನಿಗೇ, ಬಾಗಿಲು ತೆರೆದಿತ್ತೆಂದು ಬೀದಿನಾಯಿ ನುಗ್ಗಿದ ಹಾಗೆ, ಇನ್ನೊಂದು ಬಂತು: ಇವಳು ಹೋದರೆ ಮಗು ನನ್ನದೇ. ಎಷ್ಟು ಹೊತ್ತು ಅದು ಒಳಗಿತ್ತೋ, ಒಂದು ಉಸಿರೋ ಎರಡೋ. ಆಮೇಲಿನದು ಅವಳಿಗೆ ನೆನಪಿಲ್ಲ. ತಂಬಿಗೆ ಕೆಳಗೆ ಬಿದ್ದಿತ್ತು, ಕಾಲಿಗೆ ಬೊಬ್ಬೆ ಎದ್ದಿತ್ತು, ಒಳಗೆ ಮಗು ಅಳುತ್ತಿತ್ತು, ತಾಯಿಗೂ ಜೀವ ಇತ್ತು. ಅಂದಿನಿಂದ ನಿರ್ಮಲೆಯ ತಲೆಗೆ ಎಣ್ಣೆ ಹಚ್ಚಿದ್ದು, ಬಾಣಂತಿ ಖಾರ ಕುಟ್ಟಿದ್ದು, ತನ್ನ ಜರಿ ಸೀರೆ ಅವಳಿಗೆ ಉಡಿಸಿದ್ದು, ಯಾವುದೂ ಆ ಉಸಿರಿನ ಲೆಕ್ಕ ತೀರಿಸಲಿಲ್ಲ. ಓಣಿಯ ಹೆಂಗಸರು, ಸವತಿ ಅಂದ್ರೆ ಹಿಂಗಿರಬೇಕು ಎಂದು ಹೊಗಳುವಾಗ ಅವಳಿಗೆ ಎದ್ದು ಒಳಗೆ ಹೋಗಬೇಕೆನ್ನಿಸುತ್ತಿತ್ತು.

“ಅಕ್ಕಾ,” ಎಂದಳು ನಿರ್ಮಲೆ. ದನಿ ಬೇರೆಯಾಗಿತ್ತು. ಇಬ್ಬರೂ ನಡೆಯುತ್ತ ಇನ್ನೊಂದು ಕೋಣೆಗೆ ಬಂದುಬಿಟ್ಟಿದ್ದರು. ಇಲ್ಲಿ ಬೆಳಕು ಕಡಿಮೆ, ಗೋಡೆಯುದ್ದಕ್ಕೂ ಗಾಜಿನ ಭರಣಿಗಳು, ಹಳದಿ ನೀರಿನಲ್ಲಿ ಮುಳುಗಿದ ಹಾವುಗಳು, ಏಡಿಗಳು. ನಿರ್ಮಲೆಯ ಮುಂದಿನ ಭರಣಿಯಲ್ಲಿ ಒಂದು ಎಳೆಯ ಕರು ಇತ್ತು, ಹುಟ್ಟುವ ಮೊದಲೇ ಸತ್ತದ್ದು. ಕಣ್ಣು ಮುಚ್ಚಿ, ಕಾಲುಗಳನ್ನು ಹೊಟ್ಟೆಗೆ ಮಡಿಚಿಕೊಂಡು, ಯಾರೋ ತಟ್ಟಿ ಮಲಗಿಸಿದ ಹಾಗೆ ಮಲಗಿತ್ತು. ನಿರ್ಮಲೆಯ ತುಟಿಗಳು ಬೆಳ್ಳಗಾಗಿದ್ದವು. ಶಿವಗಂಗಮ್ಮ ಅವಳ ಕಣ್ಣಿಗೆ ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಸೊಂಟ ಬಳಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿದಳು. ಜನ ದಾರಿ ಬಿಟ್ಟರು. ಹಕ್ಕಿಗಳ ಕೋಣೆಯ ಬಾಗಿಲಿನಿಂದ ಮಹೇಶ್ವರಪ್ಪ ಗಾಬರಿಯಿಂದ ನೋಡಿದ. ಏನಿಲ್ಲ, ಮಗು ನೋಡ್ಕಳ್ರಿ ಎಂದು ಕೈಸನ್ನೆ ಮಾಡಿದಳು.

ಹೊರಗೆ ಕೆಂಪು ಕಟ್ಟಡದ ಜಗುಲಿಯಲ್ಲಿ ಗಾಳಿ ಇತ್ತು. ಕಂಬಕ್ಕೆ ಒರಗಿಸಿ ಕೂರಿಸಿ, ಸೆರಗಿನಿಂದ ಬೀಸಿದಳು. ನಲ್ಲಿಯಿಂದ ನೀರು ತಂದು ಮುಖ ಒರೆಸಿದಳು. ಸ್ವಲ್ಪ ಹೊತ್ತಿಗೆ ನಿರ್ಮಲೆಯ ತುಟಿಗೆ ಬಣ್ಣ ಬಂತು.

“ಬಸುರಿ ಹೆಂಗ್ಸು ಅಂಥದ್ದು ನೋಡಬಾರ್ದಿತ್ತು,” ಎಂದಳು ಶಿವಗಂಗಮ್ಮ. “ನನಗಾದ್ರೂ ಬುದ್ಧಿ ಬ್ಯಾಡ್ವಾ.”

“ಅದು ಮಲಗಿದಂಗಿತ್ತು.”

“ಅದನ್ನ ಬಿಡು.”

“ಅಕ್ಕಾ, ಒಂದು ಮಾತು ಹೇಳ್ತೀನಿ, ಬೈಬಾರ್ದು.” ನಿರ್ಮಲೆ ಎದುರಿನ ಮರವನ್ನು ನೋಡುತ್ತ ಹೇಳಿದಳು. “ಈ ಸಲ ನಾನು ಉಳಿಯಾದಿಲ್ಲ ಅನ್ಸುತ್ತೆ. ನಮ್ಮವ್ವನೂ ಎರಡನೇ ಹೆರಿಗೇಲೇ ಹೋದ್ಲು. ಹಂಗೇನಾದ್ರೂ ಆದ್ರೆ ಹಾಲಮ್ಮನ್ನೂ ಈ ಕೂಸನ್ನೂ ನೀವೇ ಇಟ್ಕಳ್ರಿ. ಅವ್ರು ಇನ್ನೊಬ್ಳನ್ನ ತರ್ತೀನಿ ಅಂದ್ರೆ ಬಿಡಬ್ಯಾಡ್ರಿ. ನೀವಿದ್ರೆ ನನಗೆ ಆ ಚಿಂತೆ ಇಲ್ಲ.”

ಶಿವಗಂಗಮ್ಮನ ಬೀಸುವ ಕೈ ನಿಂತಿತು. ಅಂದು ಕಳ್ಳತನದಲ್ಲಿ ಬಯಸಿದ್ದನ್ನು ಇವಳು ಇಂದು ಹಗಲು ಬೆಳಕಿನಲ್ಲಿ, ಅರಿಸಿನ ಕುಂಕುಮ ಕೊಟ್ಟ ಹಾಗೆ, ಕೈ ಮುಂದೆ ಚಾಚಿ ಕೊಡುತ್ತಿದ್ದಾಳೆ. ಎದುರಿನ ಮರದಲ್ಲಿ ಕಾಗೆಯೊಂದು ಕೂಗುತ್ತಿತ್ತು.

“ಆವತ್ತು ನೀವು ಕರೀದಿದ್ರೆ ಹಾಲಮ್ಮನ ಮುಖಾನೂ ನೋಡ್ತಿರ್ಲಿಲ್ಲ ನಾನು,” ಎಂದಳು ನಿರ್ಮಲೆ.

“ಯಾವತ್ತು?”

“ಇವಳು ಹುಟ್ಟಿದ ದಿನ. ಎಲ್ಲಾ ದೂರ ದೂರ ಹೋಗ್ತಿತ್ತು. ಯಾರೂ ಕಾಣ್ತಿರ್ಲಿಲ್ಲ, ನೋವೂ ಇರ್ಲಿಲ್ಲ, ಹಿಂಗೇ ಹೋಗಿಬಿಡಾನ ಅನ್ನಿಸ್ತಿತ್ತು. ನೀವು ಓಡಿ ಬಂದು ನನ್ನ ರಟ್ಟೆ ಹಿಡಿದು, ಹೋಗಬ್ಯಾಡ ಕಣೇ, ಹೋಗಬ್ಯಾಡ ಅಂತ ಕೂಗಿದ್ರಿ. ಅಷ್ಟು ಗಟ್ಟಿಯಾಗಿ ನೀವು ಕೂಗಿದ್ದು ನಾನು ಅದೊಂದೇ ಸಲ ಕೇಳಿದ್ದು. ರಟ್ಟೆ ನೀಲಿಗಟ್ಟಿತ್ತು, ನೆನಪಿಲ್ವಾ? ನೀವೇ ಹರಳೆಣ್ಣೆ ಹಚ್ತಿದ್ರಿ.”

ಹರಳೆಣ್ಣೆ ಹಚ್ಚಿದ್ದು ನೆನಪಿತ್ತು. ಎಳೆಯ ತೋಳಿನ ಮೇಲೆ ಐದು ಬೆರಳಿನ ಗುರುತು; ಗಾದ್ರಮ್ಮನ ಒರಟು ಕೈ ಎಂದು ಬೈದುಕೊಳ್ಳುತ್ತಲೇ ಹಚ್ಚಿದ್ದಳು. ಆ ಬೆರಳು ತನ್ನವೇ ಆಗಿದ್ದವೇ? ತಂಬಿಗೆ ಬಿದ್ದದ್ದು ತಾನು ಓಡಿದ್ದಕ್ಕೆ ಇರಬಹುದೇ? ಅಥವಾ ಕೂಗಿದವಳು ಗಾದ್ರಮ್ಮ, ನೋವಿನಲ್ಲಿದ್ದವಳಿಗೆ ದನಿ ತಿಳಿಯಲಿಲ್ಲವೇ? ಎಷ್ಟು ಹುಡುಕಿದರೂ ತನ್ನ ನೆನಪಿನಲ್ಲಿ ಆ ನಾಯಿ ನುಗ್ಗಿದ ಬಾಗಿಲೊಂದೇ ಕಾಣುತ್ತಿತ್ತು, ಅದರಾಚೆ ಕತ್ತಲೆ. ಆ ಕತ್ತಲೆಯಲ್ಲಿ ತನ್ನ ದನಿ ಇದ್ದಿರಲೂಬಹುದು. ಅದು ನಾನಲ್ಲ, ನಾನು ಏನು ಬಯಸಿದ್ದೆ ಗೊತ್ತಾ ಎಂದು ಹೇಳಿಬಿಡುವ ಮಾತು ನಾಲಿಗೆಯವರೆಗೆ ಬಂತು. ಹೇಳಿದರೆ ತನ್ನ ಎದೆ ಹಗುರವಾದೀತು. ಈ ಹೆದರಿದ ಹುಡುಗಿಗೆ ಹಿಡಿದುಕೊಳ್ಳಲು ಇದ್ದ ಒಂದು ಕೈಯೂ ಹೋದೀತು. ಹಾಗೆ ಹಗುರವಾಗುವುದು ಅವಳಿಗೆ ಬೇಡವೆನ್ನಿಸಿತು.

“ಏಳಬ್ಯಾಡ, ಇಲ್ಲೇ ಕುಂತಿರು,” ಎಂದು ಹೇಳಿ ಅವಳು ಎದ್ದಳು.

ಮಹೇಶ್ವರಪ್ಪ ಆನೆಯ ಎಲುಬುಗೂಡಿನ ಮುಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಸೊಂಡಿಲಿಗೆ ಎಲುಬು ಯಾಕಿಲ್ಲ ಎಂದು ಮಗು ಕೇಳುತ್ತಿತ್ತು, ಅವನು ಹಲಗೆಯ ಅಕ್ಷರಗಳಲ್ಲಿ ಹುಡುಕುತ್ತಿದ್ದ.

“ಹೆಂಗೈತೆ ಅವಳಿಗೆ?” ಎಂದ.

“ಸುಧಾರಿಸ್ಕಂಡಾಳೆ. ರೀ, ಈ ಸಲ ಹೆರಿಗೆಗೆ ಅವಳ್ನ ಶಿವಮೊಗ್ಗದ ಆಸ್ಪತ್ರೆಗೆ ಕರ್ಕಂಡು ಹೋಗ್ತೀನಿ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. “ಆಸ್ಪತ್ರೆಗಾ? ಹೆರಿಗೆಗಾ? ನಮ್ಮ ಮನೆತನದಾಗೆ ಯಾರೂ ಹಂಗೆ ಹೋದೋರಿಲ್ಲ. ಗಾದ್ರಮ್ಮ ಇಲ್ವಾ?”

“ಗಾದ್ರಮ್ಮನೇ ಹೇಳ್ಯಾಳೆ, ಮುಂದಿಂದಕ್ಕೆ ನನ್ನ ಕರೀಬ್ಯಾಡ್ರಿ ಅಂತ. ಅವಳ ಕೈ ಮೀರಿದ್ದು ಅಂತ. ನಿಮಗೆ ಹೇಳಿರ್ಲಿಲ್ಲ ನಾನು. ಅಲ್ಲಿ ಡಾಕ್ಟರಮ್ಮ ಇದಾಳೆ. ತಿಂಗಳು ತುಂಬಾಕೆ ಮುಂಚೇನೇ ಹೋಗಿ ಇರ್ತೀವಿ.”

“ಜನ ಏನಂತಾರೆ?”

“ಸವತೀನ ಪರಊರಿಗೆ ಕರ್ಕಂಡು ಹೋಗಿ ಏನೋ ಮಾಡ್ಸಿದ್ಲು ಅಂತಾರೆ. ಅಂದ್ಕಳ್ಳಿ.”

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ನಿರ್ಮಲೆ ಮನೆಗೆ ಬಂದಂದಿನಿಂದ ಅವಳು ಗಂಡನನ್ನು ಏನನ್ನೂ ಕೇಳಿರಲಿಲ್ಲ, ಒಂದು ಹೂವನ್ನೂ. ಕೇಳುವ ಹಕ್ಕನ್ನು ಆ ಮದುವೆಯ ದಿನ ತಾನೇ ಎತ್ತಿ ಕೊಟ್ಟುಬಿಟ್ಟೆ ಎಂದು ತಿಳಿದಿದ್ದಳು. ಈಗ ನೋಡಿದರೆ ಅದು ಎಲ್ಲೂ ಹೋಗಿರಲಿಲ್ಲ. ಮಹೇಶ್ವರಪ್ಪ ಆನೆಯ ಬೆನ್ನುಮೂಳೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಬಟ್ಟೆಯ ಥಾನು ಬಿಚ್ಚಿ ಇದು ಎಷ್ಟು ಗಜ ಬಂದೀತೆಂದು ಅಂದಾಜು ಮಾಡುವಾಗ ಅವನು ಹೀಗೆ ನೋಡುತ್ತಿದ್ದ.

“ನೀವಿಬ್ರೂ ಶಿವಮೊಗ್ಗದಾಗೆ ಎಲ್ಲಿರ್ತೀರಿ?” ಎಂದ.

ಅವನು ಒಪ್ಪಿದನೆಂದು ಅವಳಿಗೆ ತಿಳಿಯಿತು. “ಆಸ್ಪತ್ರೆ ಹತ್ರ ಒಂದು ಮನೆ ಬಾಡಿಗೆಗೆ ಹಿಡೀರಿ. ಹಾಲಮ್ಮನೂ ನಮ್ ಜೊತೇಲಿರ್ತಾಳೆ.”

“ಮತ್ತೆ ನಾನು?”

“ನೀವು ಅಂಗಡಿ ನೋಡ್ಕಳ್ರಿ. ಅನ್ನ ಬೇಯ್ಸಾದು ಹೇಳ್ಕೊಟ್ಟು ಹೋಗ್ತೀನಿ.”

ಅವನು ನಕ್ಕ. ನಗು ಮುಗಿದ ಮೇಲೂ ಅಲ್ಲೇ ನಿಂತ. ಹೆಗಲ ಮೇಲಿದ್ದ ಮಗುವಿನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಮುಖ ನೋಡದೆ ಹೇಳಿದ: “ನಿನ್ನೆ ಆಯಮ್ಮ ಹಂಗೆ ಕೇಳಿದ್ಲಲ್ಲ. ಅದನ್ನ ತಮಿಳಿನಾಗೆ ಹೆಂಗೆ ಬಿಡಿಸಿ ಹೇಳಬೇಕೋ ನಂಗೆ ತಿಳೀಲಿಲ್ಲ. ಆಮೇಲೆ ಕನ್ನಡದಾಗಾದ್ರೂ ಹೇಳಬೇಕಿತ್ತು ನಿಂಗೆ.”

ಗಂಟಲಲ್ಲಿ ಮುಳ್ಳು ಇನ್ನೂ ಇದೆಯೇ ಎಂದು ಅವಳು ಉಗುಳು ನುಂಗಿ ನೋಡಿದಳು. ಇತ್ತು, ಆದರೆ ಅಂಥ ದೊಡ್ಡದೇನಲ್ಲ. “ಬಿಡ್ರಿ. ಮದ್ರಾಸಿನ ಮಾತು ಮದ್ರಾಸಿನಾಗೇ ಇರ್ಲಿ,” ಎಂದಳು.

ಅವರು ಹೊರಗೆ ಬಂದಾಗ ನಿರ್ಮಲೆ ಕಂಬದ ಹತ್ತಿರ ಇರಲಿಲ್ಲ. ನೋಡಿದರೆ ಅವಳು ಮೆಟ್ಟಿಲಿಳಿದು ಗೇಟಿನ ಪಕ್ಕದ ಮರದ ನೆರಳಿಗೆ ಹೋಗಿ, ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿಯ ಮುಂದೆ ನಿಂತಿದ್ದಳು. ಬುಟ್ಟಿಯಲ್ಲಿ ಕೊಕ್ಕಿನಂಥ ಮೂತಿಯ ಹಸಿರು ಮಾವಿನಕಾಯಿಗಳು. ಮುದುಕಿ ಅವನ್ನು ಉದ್ದುದ್ದ ಸೀಳಿ ಉಪ್ಪು ಖಾರ ಸವರಿ ಎಲೆಯಲ್ಲಿಟ್ಟು ಕೊಡುತ್ತಿದ್ದಳು. ಹದಿನೈದು ದಿನದಿಂದ ಏನು ತಿಂದರೂ ಓಕರಿಸುತ್ತಿದ್ದ ನಿರ್ಮಲೆ ಆ ಹೋಳುಗಳನ್ನು ಕಣ್ಣಲ್ಲೇ ತಿನ್ನುತ್ತಿದ್ದಳು.

“ಶಿವಮೊಗ್ಗಕ್ಕೆ ಹೋಗ್ತೀವಿ,” ಎಂದು ಶಿವಗಂಗಮ್ಮ ಅವಳ ಕಿವಿಯ ಹತ್ತಿರ ಹೇಳಿದಳು. “ಡಾಕ್ಟರಮ್ಮನ ಹತ್ರ. ನಾನೂ ಬರ್ತೀನಿ. ಯಜಮಾನ್ರು ಒಪ್ಯಾರೆ. ಇನ್ನು ಆ ಮಾತು ಎತ್ತಬ್ಯಾಡ.”

ನಿರ್ಮಲೆ ಅವಳನ್ನೂ, ಹಿಂದೆ ಮಗುವನ್ನು ಹೊತ್ತು ಬರುತ್ತಿದ್ದ ಗಂಡನನ್ನೂ ನೋಡಿದಳು. “ನೀವು ಒಳಗೇ ಇರ್ತೀರಾ? ಆಗ, ಹೆರುವಾಗ?”

“ಹೊರಗೆ ಹಾಕಿದ್ರೆ ಬಾಗಿಲು ಒಡೀತೀನಿ.”

ಮುದುಕಿಗೆ ಇವರ ಮಾತು ತಿಳಿಯಲಿಲ್ಲ, ಆದರೆ ಇಬ್ಬರು ಹೆಂಗಸರು ಮಾವಿನಕಾಯಿಯ ಮುಂದೆ ಹೀಗೆ ಕಣ್ಣು ತುಂಬಿ ನಿಂತರೆ ವಿಷಯವೇನೆಂದು ತನಗೆ ಗೊತ್ತು ಎಂಬಂತೆ ನಕ್ಕಳು. ಮೊದಲ ಹೋಳನ್ನು ಎತ್ತಿ, ಹಿರಿಯಳೆಂದೋ, ನಡು ದಪ್ಪವೆಂದೋ, ಶಿವಗಂಗಮ್ಮನ ಕೈಗೇ ಇಟ್ಟಳು. ಆಮೇಲೆ ತನ್ನ ಒಣಗಿದ ಹೊಟ್ಟೆಯನ್ನು ಸವರಿ ತೋರಿಸಿ, ಎಷ್ಟು ತಿಂಗಳೆಂದು ಅವಳನ್ನೇ ಕೇಳಿದಳು, “ಎತ್ತನೆ ಮಾಸಂ?”

ಮಹೇಶ್ವರಪ್ಪ ಏನೋ ಹೇಳಲು ಅವಸರದಿಂದ ಬಾಯಿ ತೆರೆದ. ಶಿವಗಂಗಮ್ಮ ಹೋಳನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯ ಐದು ಬೆರಳುಗಳನ್ನೂ ಅಗಲಿಸಿ ಮುದುಕಿಯ ಮುಂದೆ ಹಿಡಿದಳು.

ಐದೇನೋ ಸರಿಯಾದ ಲೆಕ್ಕವೇ, ಹೊಟ್ಟೆ ಮಾತ್ರ ನಿರ್ಮಲೆಯದು. ನಿರ್ಮಲೆ ಮರಕ್ಕೆ ಆನಿಕೊಂಡು ಹೊಟ್ಟೆ ಹಿಡಿದು ನಗತೊಡಗಿದಳು; ಮಗು ಯಾಕೆಂದು ಗೊತ್ತಿಲ್ಲದೆ ತಾನೂ ನಕ್ಕಿತು. ಮುದುಕಿ ಕೈಮುಗಿದು ದೇವರನ್ನು ನೆನೆದು, ಎಲೆಗೆ ಇನ್ನೆರಡು ಹೋಳು ಸೇರಿಸಿದಳು. ಶಿವಗಂಗಮ್ಮ ಕಚ್ಚಿದಳು. ಹುಳಿಗೆ ಹಲ್ಲು ಜುಮ್ಮೆಂದು, ಖಾರಕ್ಕೆ ಕಣ್ಣಲ್ಲಿ ನೀರು ಬಂದು, ದವಡೆಯ ಬುಡದವರೆಗೆ ಬಾಯೆಲ್ಲ ಎಚ್ಚರಾಯಿತು. ಇಂಥದ್ದನ್ನು ತಿಂದು ಎಷ್ಟು ವರ್ಷವಾಯಿತೋ. ಅವಳು ಅದನ್ನು ಮುಗಿಸಿ, ಬೆರಳಿಗಂಟಿದ ಉಪ್ಪನ್ನೂ ನೆಕ್ಕಿ, ಎಲೆಯಿಂದ ಇನ್ನೊಂದು ಹೋಳು ತೆಗೆದುಕೊಂಡಳು.